ತಲೆಬಾಗಿಲಿಗೆ ಯಾವ ಮರ? ಮಲ್ಲೇಶ್ವರದ ಬೀದಿಗಳಲ್ಲಿ ಒಂದು ವಿಚಾರ

ಒಂದು ಮನೆಗೆ ಬಾಗಿಲುಗಳು ಹಲವಿದ್ದರೂ ತಲೆಬಾಗಿಲು ಒಂದೇ. ಅಡುಗೆಮನೆಯ ಬಾಗಿಲು, ಕೋಣೆಯ ಬಾಗಿಲು, ಹಿತ್ತಲ ಬಾಗಿಲು ಇವೆಲ್ಲ ಮನೆಯವರ ಅನುಕೂಲಕ್ಕಾಗಿ ಇರುವಂಥವು. ತಲೆಬಾಗಿಲಾದರೋ ಮನೆಗೂ ಲೋಕಕ್ಕೂ ನಡುವೆ ನಿಂತದ್ದು. ಬಂದ ಜಂಗಮರನ್ನು ಬರಮಾಡಿಕೊಳ್ಳುವುದು ಅಲ್ಲಿ. ಸೊಸೆಯನ್ನು ಮನೆ ತುಂಬಿಸಿಕೊಳ್ಳುವುದು ಅಲ್ಲಿ. ಮಗಳನ್ನು ಕಣ್ಣೀರಿನಿಂದ ಕಳುಹಿಸಿಕೊಡುವುದೂ ಅಲ್ಲಿಯೇ. ಲಿಂಗೈಕ್ಯರಾದ ಹಿರಿಯರನ್ನು ಕುಳಿತ ಭಂಗಿಯಲ್ಲಿಯೇ ಹೊತ್ತು ತರುವ ಸಂಪ್ರದಾಯ ನಮ್ಮದಾದ್ದರಿಂದ, ಆ ಕಡೆಯ ಪ್ರಯಾಣವೂ ಇದೇ ಬಾಗಿಲಿನ ಅಗಲ ಎತ್ತರಗಳನ್ನು ಅವಲಂಬಿಸಿದೆ. ಇಂಥ ಬಾಗಿಲನ್ನು ಯಾವ ಮರದಿಂದ, ಅಥವಾ ಮರವಲ್ಲದ ಯಾವ ವಸ್ತುವಿನಿಂದ ಮಾಡಿಸಬೇಕೆಂಬ ಪ್ರಶ್ನೆ ಮನೆ ಕಟ್ಟುವ ಪ್ರತಿಯೊಂದು ಕುಟುಂಬಕ್ಕೂ ಎದುರಾಗುತ್ತದೆ. ಬೆಂಗಳೂರಿನ ಮಲ್ಲೇಶ್ವರಂ ಬಡಾವಣೆಯಲ್ಲಿ ಸುತ್ತಾಡಿದರೆ ಈ ಪ್ರಶ್ನೆಗೆ ಒಂದು ಶತಮಾನದ ಉತ್ತರಗಳು ಬೀದಿಯುದ್ದಕ್ಕೂ ಕಾಣಸಿಗುತ್ತವೆ.

ಮರಗಳ ಹೆಸರಿನ ಬೀದಿಗಳು

ಮಲ್ಲೇಶ್ವರಕ್ಕೆ ಆ ಹೆಸರು ಬಂದದ್ದು ಕಾಡುಮಲ್ಲೇಶ್ವರನಿಂದ. ಮರಾಠಾ ಅರಸು ವೆಂಕೋಜಿಯ ಕಾಲದ, 1669ರ ಶಾಸನವೊಂದು ಮಲ್ಲಪುರದ ಮಲ್ಲಿಕಾರ್ಜುನನಿಗೆ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟ ಸಂಗತಿಯನ್ನು ಹೇಳುತ್ತದೆ. ಅಂದು ಕಾಡಿನ ನಡುವೆ ಇದ್ದ ದೇವರಿಗೆ ಇಂದು ಊರೇ ಸುತ್ತುವರಿದಿದೆ. 1890ರ ದಶಕದಲ್ಲಿ ಇಲ್ಲಿಯೂ ಬಸವನಗುಡಿಯಲ್ಲಿಯೂ ಹೊಸ ಬಡಾವಣೆಗಳು ರೂಪುಗೊಂಡವು. 1898ರ ಪ್ಲೇಗಿನ ಹಾವಳಿ ಇಕ್ಕಟ್ಟಾದ ಪೇಟೆಯನ್ನು ನಡುಗಿಸಿದಾಗ ಜನರು ಗಾಳಿ ಬೆಳಕುಗಳಿರುವ ಈ ನಿವೇಶನಗಳತ್ತ ಮುಖ ಮಾಡಿದರು. ಮುಂದೆ ಅಗಲವಾದ ಬೀದಿ, ಹಿಂದೆ ಶೌಚದ ಕೆಲಸಕ್ಕೆಂದು ಬಿಟ್ಟ ಓಣಿ, ನಡುವೆ ಹೆಂಚಿನ ಮನೆ, ಮನೆಯ ಮುಂದೆ ಮರದ ಜಾಲರಿಯ ಇಳಿಮಾಡು. ಇದು ಆ ಕಾಲದ ಮಲ್ಲೇಶ್ವರದ ಚಿತ್ರ.

ಈ ಬಡಾವಣೆಯ ಎರಡು ದೊಡ್ಡ ರಸ್ತೆಗಳಿಗೆ ಮರಗಳ ಹೆಸರೇ ಇವೆ. ಒಂದು ಸಂಪಿಗೆ ರಸ್ತೆ. ಇನ್ನೊಂದು ಮಾರ್ಗೋಸಾ ರಸ್ತೆ. ಮಾರ್ಗೋಸಾ ಎಂದರೆ ನಮ್ಮ ಬೇವೇ. 2014ರಲ್ಲಿ ಸಂಪಿಗೆ ರಸ್ತೆಯ ತುದಿಗೆ ಮೆಟ್ರೋ ರೈಲು ಬಂದಿತು. ಹಳೆಯ ಮನೆಗಳು ಒಂದೊಂದಾಗಿ ಇಳಿದು ಬಹುಮಹಡಿ ವಸತಿಗಳು ಏರುತ್ತಿವೆ. ಆದರೂ ಒಳಗಿನ ಅಡ್ಡರಸ್ತೆಗಳಲ್ಲಿ ಅಲ್ಲೊಂದು ಇಲ್ಲೊಂದು ಹಳೆಯ ತಲೆಬಾಗಿಲು ಇನ್ನೂ ಉಳಿದಿದೆ. ಎರಡು ಕದಗಳು, ಪ್ರತಿ ಕದಕ್ಕೂ ಮೂರೋ ನಾಲ್ಕೋ ಹಲಗೆಯ ಮನೆಗಳು, ಕಬ್ಬಿಣದ ಬಳೆ, ಒಳಗಡೆ ಉದ್ದನೆಯ ಅಗಳಿ. ಹೊಸ್ತಿಲಿನ ಮೇಲೆ ವಿಭೂತಿಯ ಮೂರು ಗೆರೆ, ಮೇಲೆ ಮಾವಿನ ತೋರಣ. ನೂರು ಮಳೆಗಾಲಗಳನ್ನು ಕಂಡ ಇಂಥ ಬಾಗಿಲು ಇಂದಿಗೂ ಎರಡು ಬೆರಳಿನಿಂದ ದೂಡಿದರೆ ಸದ್ದಿಲ್ಲದೆ ತೆರೆದುಕೊಳ್ಳುವುದುಂಟು. ಅದರ ಪಕ್ಕದಲ್ಲಿಯೇ ಐದು ವರ್ಷದ ಹಿಂದೆ ಹಾಕಿದ ಬಾಗಿಲು ಆಷಾಢ ಬಂದೊಡನೆ ಉಬ್ಬಿ, ಭುಜಕೊಟ್ಟು ತಳ್ಳಬೇಕಾದ ಸ್ಥಿತಿಯಲ್ಲಿರುವುದೂ ಉಂಟು. ಈ ವ್ಯತ್ಯಾಸಕ್ಕೆ ಕಾರಣವೇನು?

ಬಿಸಿಲು, ಮಳೆ ಮತ್ತು ದಿಕ್ಕು

ಮಲ್ಲೇಶ್ವರದ ಮುಖ್ಯರಸ್ತೆಗಳು ಬಹುಮಟ್ಟಿಗೆ ಉತ್ತರ ದಕ್ಷಿಣವಾಗಿಯೂ ಅಡ್ಡರಸ್ತೆಗಳು ಪೂರ್ವ ಪಶ್ಚಿಮವಾಗಿಯೂ ಹಾಯ್ದಿವೆ. ಆದ್ದರಿಂದ ಮುಖ್ಯರಸ್ತೆಯ ಮನೆಗಳು ಪೂರ್ವಕ್ಕೋ ಪಶ್ಚಿಮಕ್ಕೋ, ಅಡ್ಡರಸ್ತೆಯ ಮನೆಗಳು ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿರುತ್ತವೆ. ನಮ್ಮ ಜನ ದಿಕ್ಕನ್ನು ಕೇಳುವುದು ವಾಸ್ತುವಿನ ಭಯದಿಂದ. ದಿನ ತಿಥಿ ವಾರಗಳ ಭಯವನ್ನೇ ತೊರೆಯಿರೆಂದು ಬೋಧಿಸಿದ ಶರಣರ ಅನುಯಾಯಿಗಳಿಗೆ ಈ ಭಯ ಶೋಭಿಸದು. ಆದರೆ ದಿಕ್ಕನ್ನು ಕೇಳಲು ಒಂದು ನ್ಯಾಯವಾದ ಕಾರಣವಿದೆ: ಪಶ್ಚಿಮದ ಬಾಗಿಲು ಮಧ್ಯಾಹ್ನದ ಬಿಸಿಲನ್ನೂ ಮುಂಗಾರಿನ ಎರಚಲನ್ನೂ ಒಟ್ಟಿಗೆ ತಾಳಿಕೊಳ್ಳಬೇಕು, ಉತ್ತರದ ಬಾಗಿಲಿಗೆ ಆ ಕಷ್ಟ ಕಡಿಮೆ.

ಮರ ಕಡಿದ ಮೇಲೂ ಉಸಿರಾಡುತ್ತಿರುತ್ತದೆ ಎಂದು ಬಡಗಿಗಳು ಹೇಳುವ ಮಾತಿನಲ್ಲಿ ತಥ್ಯವಿದೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಮರ ಅದನ್ನು ಹೀರಿ ಉಬ್ಬುತ್ತದೆ. ಮಾಘ ಫಾಲ್ಗುಣಗಳ ಒಣಗಾಳಿಗೆ ಕುಗ್ಗುತ್ತದೆ. ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಅಲ್ಪ. ಅಗಲಕ್ಕೆ ಮಾತ್ರ ಗಣನೀಯ. ಮೂರೂವರೆ ಅಡಿ ಅಗಲದ ಕದವನ್ನು ಹಲಗೆಗಳನ್ನು ಅಂಟಿಸಿ ಒಂದೇ ಪಟ್ಟಿಯಾಗಿ ಮಾಡಿದರೆನ್ನೋಣ. ಅದು ಶೇಕಡಾ 1ರಷ್ಟು ಉಬ್ಬಿದರೂ 10 ಮಿಲಿಮೀಟರಿಗಿಂತ ಹೆಚ್ಚಾಯಿತು. ಚೌಕಟ್ಟಿನಲ್ಲಿ ಸಿಕ್ಕಿಹಾಕಿಕೊಳ್ಳಲು ಅಷ್ಟು ಸಾಕು. ಹಳೆಯ ಬಡಗಿಗಳು ಇದನ್ನು ಅರಿತೇ ಸುತ್ತಲೂ ಪಟ್ಟಿಗಳ ಚೌಕವನ್ನು ಕಟ್ಟಿ, ನಡುವಿನ ಹಲಗೆಯನ್ನು ಗಾಡಿಯಲ್ಲಿ ಅಂಟಿಸದೆ ಸಡಿಲವಾಗಿ ಕೂರಿಸುತ್ತಿದ್ದರು. ಹಲಗೆ ಉಬ್ಬಿದರೆ ಗಾಡಿಯೊಳಗೆ ಸರಿಯುತ್ತದೆ, ಕುಗ್ಗಿದರೆ ಹಿಂದಕ್ಕೆ ಬರುತ್ತದೆ. ಬಾಗಿಲಿನ ಹೊರಗಿನ ಅಳತೆ ಹೆಚ್ಚು ಕದಲುವುದಿಲ್ಲ. ನಾವು ಅಲಂಕಾರವೆಂದು ತಿಳಿದ ಆ ಹಲಗೆಯ ಮನೆಗಳು ವಾಸ್ತವವಾಗಿ ಮಳೆಗಾಲಕ್ಕೆ ಕೊಟ್ಟ ಉತ್ತರ. ಅದಕ್ಕೆ ಮುಂದಿನ ಇಳಿಮಾಡಿನ ನೆರಳೂ ಸೇರಿತು. ಇಂದು ಇಳಿಮಾಡನ್ನು ಬಿಟ್ಟು, ಬಾಗಿಲನ್ನು ಬೀದಿಯ ಬಿಸಿಲಿಗೇ ಒಡ್ಡಿ, ಮರದ ದೋಷವೆಂದು ದೂರುವವರಿದ್ದಾರೆ.

ಮರಗಳ ಗುಣವಿಚಾರ

ತಲೆಬಾಗಿಲೆಂದರೆ ತೇಗ ಎನ್ನುವಷ್ಟು ತೇಗದ ಹೆಸರು ನಮ್ಮಲ್ಲಿ ನಿಂತಿದೆ. ಉತ್ತರದ ಕಡೆ ಅದೇ ಸಾಗುವಾನಿ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಹಸಿಯಿಂದ ಪೂರ್ತಿ ಒಣಗುವವರೆಗೆ ತೇಗ ಅಗಲಕ್ಕೆ ಕುಗ್ಗುವುದು ಸುಮಾರು ಶೇಕಡಾ 5ರಿಂದ 6 ಮಾತ್ರ. ಅದರ ಕೆಚ್ಚಿನಲ್ಲಿರುವ ಎಣ್ಣೆಯ ಅಂಶ ಮತ್ತು ಗೆದ್ದಲಿಗೆ ಸೇರದ ಸಾರ ಅದನ್ನು ಕಾಯುತ್ತವೆ. ಆದರೆ ಈ ಗುಣ ಕೆಚ್ಚಿಗೆ ಮಾತ್ರ ಸೇರಿದ್ದು. ಸುತ್ತಲಿನ ಬಿಳಿಯ ಹೊರಮರಕ್ಕೆ ಇಲ್ಲ. ಬೇಗ ಬೆಳೆಸಿ ಎಳೆಯದರಲ್ಲಿಯೇ ಕಡಿದ ತೋಟದ ತೇಗದಲ್ಲಿ ಹೊರಮರವೇ ಹೆಚ್ಚು. ಅದಕ್ಕೆ ಬಣ್ಣ ಬಳಿದು ಕೆಚ್ಚಿನಂತೆ ತೋರಿಸಿದರೆ ಗೆದ್ದಲು ಮೋಸಹೋಗುವುದಿಲ್ಲ, ಕೊಂಡವರು ಮಾತ್ರ ಮೋಸಹೋಗುತ್ತಾರೆ. ಬರ್ಮಾ ತೇಗವೆಂಬ ಹೆಸರಿನ ವಿಷಯವೂ ಹಾಗೆಯೇ. ಮ್ಯಾನ್ಮಾರ್ ದೇಶ 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಅಂಗಡಿಗೆ ಆಫ್ರಿಕಾ, ದಕ್ಷಿಣ ಅಮೆರಿಕಾಗಳ ತೋಟದ ತೇಗವೂ ಬರುತ್ತದೆ. ಆದುದರಿಂದ ದೇಶದ ಹೆಸರು ಕೇಳಿ ಬೆಲೆ ಕೊಡುವುದಕ್ಕಿಂತ ಕೆಚ್ಚನ್ನು ಕಣ್ಣಾರೆ ನೋಡಿ ಬೆಲೆ ಕೊಡುವುದು ಮೇಲು.

ತೇಗವೊಂದೇ ಗತಿಯೆಂದೇನೂ ಇಲ್ಲ. ಹೊನ್ನೆ ಗಟ್ಟಿಯಾದ, ಬಾಳಿಕೆಯ ಮರ. ಆದರೆ ನೆನೆದರೆ ಹಳದಿ ಬಣ್ಣ ಬಿಟ್ಟು ಸುಣ್ಣದ ಗೋಡೆಗೆ ಕಲೆ ಮಾಡುತ್ತದೆ, ಆದ್ದರಿಂದ ಎರಚಲಿಲ್ಲದ ಕಡೆ ಬಳಸಬೇಕು. ಮಲೆನಾಡು ಕರಾವಳಿಗಳಲ್ಲಿ ಹಲಸಿನ ಬಾಗಿಲುಗಳು ತಲೆಮಾರುಗಟ್ಟಲೆ ನಿಂತಿವೆ. ಕೊಯ್ದಾಗ ಹಳದಿಯಾಗಿದ್ದು ಕಾಲಕ್ರಮದಲ್ಲಿ ಕಂದುಬಣ್ಣಕ್ಕೆ ತಿರುಗುವ ಅದರ ಚೆಲುವಿಗೆ ಪಾಲಿಶ್ ಬೇಕಿಲ್ಲ. ನಂದಿ ಚೌಕಟ್ಟಿಗೆ ಒಳ್ಳೆಯದು. ಮತ್ತಿ ಬಲವಾದುದು, ಆದರೆ ಆತುರದಿಂದ ಒಣಗಿಸಿದರೆ ಸೀಳುತ್ತದೆ. ಬಯಲುಸೀಮೆಯವರು ಮನೆಯ ಹಿಂದಿನ ಬೇವನ್ನೇ ಕೊಯ್ಯಿಸಿ ಬಾಗಿಲು ಮಾಡಿಸಿಕೊಂಡದ್ದುಂಟು; ಚೆನ್ನಾಗಿ ಒಣಗಿಸದಿದ್ದರೆ ಅದು ತಿರುಚಿಕೊಳ್ಳುತ್ತದೆ. ಮಾವು ತಲೆಬಾಗಿಲಿಗೆ ಯೋಗ್ಯವಲ್ಲ. ಹುಳುವೂ ಗೆದ್ದಲೂ ಅದನ್ನು ಬೇಗ ಹಿಡಿಯುತ್ತವೆ. ‘ಮಲೇಷ್ಯಾ ಸಾಲ್’ ಎಂಬುದು ವ್ಯಾಪಾರದ ಹೆಸರು. ಅದು ನಮ್ಮ ದೇಶದ ಸಾಲವೃಕ್ಷವಲ್ಲ. ಬೀಟೆಯ ಆಸೆಯನ್ನು ಬಿಡುವುದೇ ಲೇಸು. ಕಾಡಿನಲ್ಲಿ ವಿರಳವಾಗುತ್ತಿರುವ ಆ ಮರ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ನಮ್ಮ ಮನೆಯ ಬಾಗಿಲಿನ ಸೊಬಗಿಗಾಗಿ ಕಾಡಿನ ಬಾಗಿಲು ಮುರಿಯಬಾರದು.

ಹದಿನೆಂಟನೆಯ ಅಡ್ಡರಸ್ತೆಯ ವಿದ್ಯಾಸ್ಥಾನ

ಮರದ ವಿಷಯದಲ್ಲಿ ಮಲ್ಲೇಶ್ವರಕ್ಕಿರುವ ಹೆಗ್ಗಳಿಕೆ ಅಲ್ಲಿನ ನಿವಾಸಿಗಳಲ್ಲಿಯೇ ಅನೇಕರಿಗೆ ತಿಳಿಯದು. 18ನೆಯ ಅಡ್ಡರಸ್ತೆಯಲ್ಲಿ ಅರಣ್ಯ ಇಲಾಖೆಯ ಅರಣ್ಯ ಭವನವಿದೆ. ಅದರ ನೆರೆಯಲ್ಲಿಯೇ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಹಿಂದಿನ ಮೈಸೂರು ಸಂಸ್ಥಾನ 1938ರಲ್ಲಿ ಸ್ಥಾಪಿಸಿದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ ಇದರ ಮೂಲ. 1956ರಲ್ಲಿ ಅದು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಾಯಿತು. 1988ರಲ್ಲಿ ಮರ ವಿಜ್ಞಾನಕ್ಕೇ ಮೀಸಲಾದ ರಾಷ್ಟ್ರೀಯ ಸಂಸ್ಥೆಯಾಗಿ ಬೆಳೆಯಿತು. ದೇಶ ವಿದೇಶಗಳ ಮರಗಳ ತುಂಡುಗಳನ್ನು, ಗ್ರಂಥಾಲಯದಲ್ಲಿ ಗ್ರಂಥಗಳನ್ನು ಇಟ್ಟಂತೆ, ಅಲ್ಲಿ ಜೋಡಿಸಿಟ್ಟಿದ್ದಾರೆ. ಅಡ್ಡಕೊಯ್ದ ಮರವನ್ನು ಮಸೂರದಲ್ಲಿ ನೋಡಿದರೆ ನೀರು ಸಾಗುತ್ತಿದ್ದ ನಾಳಗಳ ರಂಧ್ರಗಳು ಕಾಣುತ್ತವೆ. ತೇಗದಲ್ಲಿ ದೊಡ್ಡ ರಂಧ್ರಗಳು ವರ್ಷಕ್ಕೊಂದು ಬಳೆಯಂತೆ ಸಾಲುಗಟ್ಟಿರುತ್ತವೆ. ಬೇರೆ ಮರಗಳಲ್ಲಿ ಆ ವಿನ್ಯಾಸವೇ ಬೇರೆ. ಬಣ್ಣವನ್ನು ಬಳಿದು ಮರೆಮಾಡಬಹುದು, ಈ ಒಳರಚನೆಯನ್ನು ಮರೆಮಾಡಲಾಗದು. ಮರದ ತುಂಡನ್ನು ಕೊಟ್ಟರೆ ಅದು ಯಾವುದೆಂದು ಗುರುತಿಸಿಕೊಡುವ ಸೇವೆಯೂ ಅಲ್ಲಿದೆ. ಬಾಗಿಲಿಗೆಂದು ದೊಡ್ಡ ಮೊತ್ತವನ್ನು ತೆಗೆದಿಡುವವರು ಮೊದಲು ಮರದ ಜಾತಿಯನ್ನು ನಿಶ್ಚಯಿಸಿಕೊಳ್ಳುವುದು ವಿವೇಕ.

ಬಡಗಿಯ ಕೆಲಸವನ್ನು ನಾವು ಕೀಳಾಗಿ ಕಾಣುವಂತಿಲ್ಲ. ಬಾಚಿಕಾಯಕದ ಬಸವಯ್ಯ ಎಂಬ ಶರಣರು ಮರಗೆಲಸವನ್ನೇ ಕಾಯಕವಾಗಿ ಕೈಗೊಂಡು ವಚನಕಾರರ ಸಾಲಿನಲ್ಲಿ ನಿಂತವರು. ಸೌದೆ ಮಾರಿದ ಮೋಳಿಗೆ ಮಾರಯ್ಯನವರ ಹೆಸರು ನಮ್ಮ ಮನೆಗಳಲ್ಲಿ ನಿತ್ಯಸ್ಮರಣೀಯ. ಮರವನ್ನು ಅರಿತ ಬಡಗಿ ದೊರೆತರೆ ಮಧ್ಯಮ ದರ್ಜೆಯ ಮರವೂ ಬಾಳುತ್ತದೆ. ಅರಿಯದವನ ಕೈಯಲ್ಲಿ ಉತ್ತಮ ತೇಗವೂ ಹಾಳಾಗುತ್ತದೆ.

ಮರವಲ್ಲದ ಬಾಗಿಲುಗಳು

ಹೊಸ ವಸತಿಗಳಲ್ಲಿ ಬಾಗಿಲು ಓಣಿಯೊಳಗಿರುತ್ತದೆ. ಅಲ್ಲಿಗೆ ಬಿಸಿಲಿಲ್ಲ, ಮಳೆಯಿಲ್ಲ. ಅಂಥಲ್ಲಿ ಗಟ್ಟಿಮರದ ಬಾಗಿಲೇ ಆಗಬೇಕೆಂಬ ಹಟ ಅನಾವಶ್ಯಕ. ಒಳಗೆ ಮರದ ಪಟ್ಟಿಗಳನ್ನು ತುಂಬಿ ಎರಡೂ ಕಡೆ ಪ್ಲೈವುಡ್ ಅಂಟಿಸಿದ ಫ್ಲಶ್ ಬಾಗಿಲು ಸಾಕು. ಅದಕ್ಕೆ ಭಾರತೀಯ ಮಾನಕ 2202 ಎಂಬ ಗುರುತಿದೆಯೇ, ದಪ್ಪ 35 ಮಿಲಿಮೀಟರ್ ಇದೆಯೇ, ಅಂಟು ನೀರಿಗೆ ಬಿಡದಂಥದೇ, ಸುತ್ತಲೂ ಗಟ್ಟಿಮರದ ಅಂಚು ಕೊಟ್ಟಿದ್ದಾರೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಒಳಗೆ ಪೊಳ್ಳಾದ, ಅಚ್ಚೊತ್ತಿದ ಬಾಗಿಲುಗಳು ಒಳಕೋಣೆಗೆ ಸರಿಯೇ ಹೊರತು ತಲೆಬಾಗಿಲಿಗಲ್ಲ.

ಉಕ್ಕಿನ ಬಾಗಿಲು ಗೆದ್ದಲಿಗೆ ಅಂಜದು, ಉಬ್ಬದು. ಆದರೆ ಪಶ್ಚಿಮದ ಬಿಸಿಲಿಗೆ ಮುಟ್ಟಲಾಗದಷ್ಟು ಕಾಯುತ್ತದೆ. ತಗ್ಗು ಬಿದ್ದರೆ ಮನೆಯ ಬಡಗಿ ಸರಿಪಡಿಸಲಾರ. ಕತುವಿನ ಲೇಪ ಕಿತ್ತ ಕಡೆ, ಅದರಲ್ಲಿಯೂ ಕರಾವಳಿಯ ಉಪ್ಪುಗಾಳಿಯಲ್ಲಿ, ತುಕ್ಕು ಹಿಡಿಯುತ್ತದೆ. ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆಗಳು ನೀರಿಗೆ ಜಗ್ಗುವುದಿಲ್ಲವಾದ್ದರಿಂದ ಸ್ನಾನದ ಮನೆಗೆ ಉತ್ತಮ. ತಲೆಬಾಗಿಲಿನಲ್ಲಿ ಮಾತ್ರ ತಿರುಪು ಮೊಳೆಗಳ ಹಿಡಿತವನ್ನು ಮೊದಲು ಪರೀಕ್ಷಿಸಬೇಕು. ಕಳ್ಳತನದ ಭಯವಿರುವವರು ಒಂದು ಮಾತನ್ನು ನೆನಪಿಡಬೇಕು. ಕದ ಎಷ್ಟೇ ದಪ್ಪವಿದ್ದರೂ ಮೊದಲು ಸೋಲುವುದು ಬೀಗದ ಕಡೆಯ ಚೌಕಟ್ಟು. ಪ್ರತಿ ನಿಲುವಿಗೂ ಗೋಡೆಯೊಳಗೆ ಮೂರು ಕಬ್ಬಿಣದ ಹಿಡಿಗಳನ್ನು ಹಾಕಿ ಸಿಮೆಂಟಿನಲ್ಲಿ ಕೂರಿಸಿದ ಚೌಕಟ್ಟೇ ನಿಜವಾದ ರಕ್ಷೆ.

ಒಂದು ಮನೆಯ ಸಂಗತಿ

ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ನಮಗೆ ಪರಿಚಿತವಾದ ಭಕ್ತರ ಮನೆಯೊಂದಿತ್ತು. ಮೂವರು ಅಣ್ಣತಮ್ಮಂದಿರು, ಪಾಲಾಗಿ, ಹಳೆಯ ಮನೆಯನ್ನು ಕೆಡವಿಸಿ ನಾಲ್ಕು ವಸತಿಗಳನ್ನು ಕಟ್ಟಿಸಲು ನಿಶ್ಚಯಿಸಿದರು. ಎಲ್ಲವೂ ಸುಸೂತ್ರವಾಗಿ ಹಂಚಿಹೋಯಿತು. ತಲೆಬಾಗಿಲಿನ ಬಳಿಗೆ ಬಂದಾಗ ಮಾತು ನಿಂತಿತು. ಹಿರಿಯವನು ಅದು ತನಗೆಂದನು. ನಡುವಿನವನು ಎರಡು ಕದಗಳಿವೆ, ಒಂದೊಂದನ್ನು ಹಂಚಿಕೊಳ್ಳೋಣವೆಂದನು. ಕಿರಿಯವನು ಅದನ್ನು ಮಾರಿ ಹಣವನ್ನು ಹಂಚಿಬಿಡಿ ಎಂದನು. ಇಷ್ಟರಲ್ಲಿ ತಿಳಿದುಬಂದ ಸಂಗತಿಯೇ ಬೇರೆ. ಮನೆ ಕೆಡಹುವ ಕರಾರಿನಲ್ಲಿ ಬಾಗಿಲು, ಕಿಟಕಿ, ತೊಲೆಗಳೆಲ್ಲ ಕೆಡಹುವವನಿಗೇ ಸೇರತಕ್ಕದ್ದೆಂದು ಬರೆದಿತ್ತು. ಹಳೆಯ ಮನೆಯ ಮರದ ಬೆಲೆಯನ್ನು ಲೆಕ್ಕ ಹಿಡಿದೇ ಅವರು ಕೂಲಿಯನ್ನು ಕಡಿಮೆ ಹೇಳುವುದು ರೂಢಿ. ಕೆಲಸ ಇನ್ನೂ ಆರಂಭವಾಗದಿದ್ದುದರಿಂದ ಕರಾರನ್ನು ತಿದ್ದಿಸಿ, ಬಾಗಿಲಿನಷ್ಟು ಹಣವನ್ನು ಸೇರಿಸಿಕೊಟ್ಟು ಅದನ್ನು ಉಳಿಸಿಕೊಂಡರು. ಹಳೆಯ ಮನೆ ಕೆಡವಿಸುವ ಓದುಗರು ಸಹಿ ಹಾಕುವ ಮೊದಲು ಈ ಒಂದು ಸಾಲನ್ನು ಓದಿಕೊಳ್ಳಬೇಕು.

ಉಳಿಸಿಕೊಂಡ ಮೇಲೆ ವಿವಾದ ಮತ್ತೆ ತಲೆಯೆತ್ತಿತು. ಆಗ ಎಂಬತ್ತು ದಾಟಿದ ತಾಯಿಯವರು ನಮ್ಮೊಡನೆ ಹೇಳಿದರು: “ಅಯ್ಯನವರೆ, ಬಾಗಿಲು ಯಾರಿಗಾದರೂ ಹೋಗಲಿ. ನಿಮ್ಮ ಯಜಮಾನರು ಇದ್ದಾಗ ಊಟದ ಹೊತ್ತಿಗೆ ಅದನ್ನು ಹಾಕಿದ್ದೇ ಇಲ್ಲ. ಈಗ ಮೂರೂ ಜನ ಹಾಕಿಕೊಂಡು ಕೂತರೆ, ಬಂದವರು ಕರೆದದ್ದು ನನಗೆ ಕೇಳಿಸಬೇಕಲ್ಲ, ಅದನ್ನು ನೋಡಿ.” ಮಕ್ಕಳು ತಲೆ ತಗ್ಗಿಸಿದರು.

ಬಡಗಿಯನ್ನು ಕರೆಸಿ ನೋಡಿಸಲಾಯಿತು. ಕದಗಳು ಎರಡೂ ತೇಗದ ಶುದ್ಧ ಕೆಚ್ಚು. ಹೊನ್ನೆಯ ಚೌಕಟ್ಟಿನ ಬುಡವನ್ನು ಮಾತ್ರ ನೆಲದ ತೇವದಿಂದ ಗೆದ್ದಲು ಹಿಡಿದಿತ್ತು. ಬುಡದ ಒಂಬತ್ತು ಅಂಗುಲವನ್ನು ಕತ್ತರಿಸಿ ಹೊಸ ಮರವನ್ನು ಕೂಡಿಸಿ, ಅದರ ಕೆಳಗೆ ಕಲ್ಲಿನ ಹೊಸ್ತಿಲನ್ನು ಇಟ್ಟರು. ಆ ಬಾಗಿಲು ಇಂದು ಯಾರೊಬ್ಬರ ವಸತಿಗೂ ಸೇರಿಲ್ಲ. ಕಟ್ಟಡದ ನೆಲಮಟ್ಟದಲ್ಲಿ ನಾಲ್ಕು ವಸತಿಗಳಿಗೂ ಸಮಾನವಾದ ಪ್ರವೇಶದಲ್ಲಿ ನಿಂತಿದೆ. ಮೇಲಿನ ಮನೆಗಳಿಗೆ ಸಾಧಾರಣ ಫ್ಲಶ್ ಬಾಗಿಲುಗಳು. ತಾಯಿಯವರು ನೆಲಮಟ್ಟದ ಕೋಣೆಯಲ್ಲಿದ್ದಾರೆ. ಬಳೆ ಅಲುಗಾಡಿದರೆ ಅವರಿಗೆ ಕೇಳಿಸುತ್ತದೆ. ಅಣ್ಣತಮ್ಮಂದಿರ ನಡುವಿನ ಎಲ್ಲ ಬಿರುಕೂ ಇದರಿಂದ ಕೂಡಿತೆಂದು ಹೇಳಲಾರೆವು. ಆದರೆ ದಿನಕ್ಕೆರಡು ಬಾರಿ ಮೂವರೂ ಅದೇ ಹೊಸ್ತಿಲನ್ನು ದಾಟುತ್ತಾರೆ.

ಮಾಡಿಸುವವರಿಗೆ ಕೆಲವು ಮಾತುಗಳು

ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲ, ಒಂದೂವರೆ ಅಂಗುಲ ದಪ್ಪದ ಕದಕ್ಕೆ ಲೆಕ್ಕದಲ್ಲಿ ಮೂರು ಘನ ಅಡಿಗಿಂತ ತುಸು ಹೆಚ್ಚು ಮರ ಹಿಡಿಯುತ್ತದೆ; ಕೊಯ್ತದ ನಷ್ಟಕ್ಕೆ ಇನ್ನಷ್ಟು ಬೇಕು. ತೇಗದ್ದಾದರೆ ಅದರ ತೂಕ ಸುಮಾರು 55 ಕಿಲೋ. ಇಷ್ಟು ಭಾರವನ್ನು ಮೂರು ಸಣ್ಣ ಕೀಲುಗಳು ತಾಳಲಾರವು. ಐದಂಗುಲದ ನಾಲ್ಕು ಕೀಲುಗಳನ್ನು ಹಾಕಿಸಬೇಕು. ಕೀಲು ಸರಿಯಿದ್ದರೆ ಮುದುಕಿಯೂ ಮಗುವೂ ತೆರೆಯಬಲ್ಲರು. ಅಗಲವನ್ನು ಮೂರೂವರೆ ಅಡಿಗಿಂತ ಕಡಿಮೆ ಮಾಡದಿರುವುದು ಒಳ್ಳೆಯದು. ಇದಕ್ಕೆ ಕಾರಣವನ್ನು ಆರಂಭದಲ್ಲಿಯೇ ಸೂಚಿಸಿದ್ದೇವೆ. ಗಾಲಿಕುರ್ಚಿಯ ಹಿರಿಯರಿರುವ ಮನೆಯಲ್ಲಿ ಹೊಸ್ತಿಲು ತಗ್ಗಾಗಿರಲಿ. ಹೊಸ್ತಿಲಿನ ಗೌರವ ಅದರ ಎತ್ತರದಲ್ಲಿಲ್ಲ.

ಮರವನ್ನು ಮಳೆಗಾಲದಲ್ಲಿ ಕೊಂಡು ಒಡನೆಯೇ ಬಾಗಿಲು ಮಾಡಿಸಬಾರದು. ಕೊಯ್ಯಿಸಿದ ಹಲಗೆಗಳನ್ನು ನಡುವೆ ರಿಪೀಸುಗಳನ್ನಿಟ್ಟು ನೆರಳಿನಲ್ಲಿ ಕೆಲವು ತಿಂಗಳು ಒಟ್ಟಿರಬೇಕು, ಇಲ್ಲವೆ ಯಂತ್ರದಲ್ಲಿ ಒಣಗಿಸಿದ್ದನ್ನೇ ಕೇಳಿ ತರಬೇಕು. ಪಾಲಿಶ್ ಮಾಡುವವರು ಮುಖವನ್ನು ಕನ್ನಡಿಯಂತೆ ಹೊಳೆಯಿಸಿ ಕದದ ತಲೆ ಮತ್ತು ಬುಡದ ಅಂಚುಗಳನ್ನು ಬರಿದೇ ಬಿಡುತ್ತಾರೆ. ತೇವ ಒಳಸೇರುವುದು ಅಲ್ಲಿಂದಲೇ. ಕದವನ್ನು ತೂಗುಹಾಕುವ ಮೊದಲು ಆರೂ ಕಡೆ ಎಣ್ಣೆಯನ್ನೋ ಲೇಪವನ್ನೋ ಕೊಡಿಸಬೇಕು. ಬಿಸಿಲಿಗೆ ಒಡ್ಡಿದ ಬಾಗಿಲಿಗೆ ಅರಗಿನ ಪಾಲಿಶ್ ತಾಳದು. ಅಗಸೆ ಎಣ್ಣೆಯನ್ನು ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುನ್ನ ತೀಡಿದರೆ ಸಾಕು.

ಇನ್ನು ವೆಚ್ಚದ ಮಾತು. ಬಾಗಿಲಿನ ಕೆತ್ತನೆಗಾಗಿ ಸಾಲ ಮಾಡಿ, ಆ ಸಾಲದ ಬಡ್ಡಿಗೆ ಹೆದರಿ ಬಂದ ಅತಿಥಿಗೆ ಬಾಗಿಲು ತೆರೆಯಲು ಹಿಂಜರಿಯುವಂತಾದರೆ ಆ ಕೆತ್ತನೆಯಿಂದ ಫಲವೇನು? ಮಠಗಳ ಮಹಾದ್ವಾರಗಳಲ್ಲಿ ದೊಡ್ಡ ಕದದೊಳಗೆ ಒಂದು ಚಿಕ್ಕ ದಿಡ್ಡಿಬಾಗಿಲು ಇರುತ್ತದೆ. ರಾತ್ರಿ ದೊಡ್ಡ ಕದ ಮುಚ್ಚಿದ ಮೇಲೂ ಹಸಿದು ಬಂದವನು ಒಳಬರಲೆಂದು ಅದು ಇರುವುದು. ಕದದ ಮರ ತೇಗವೋ ಹಲಸೋ ಎಂದು ಹಸಿದವನು ಕೇಳುವುದಿಲ್ಲ. ಬಸವಾದಿ ಶರಣರು ದಾಸೋಹವನ್ನು ಬೋಧಿಸಿದ್ದು ಅರಮನೆಯವರಿಗೆ ಮಾತ್ರವಲ್ಲ, ಗುಡಿಸಲಿನ ತಟ್ಟಿಬಾಗಿಲಿನವರಿಗೂ ಸಹ. ಆದ್ದರಿಂದ ಶಕ್ತ್ಯನುಸಾರ ಕೆಚ್ಚುಳ್ಳ ಮರವನ್ನು ಆರಿಸಿರಿ, ಬಿಸಿಲು ಮಳೆಗಳನ್ನು ನೋಡಿ ಆರಿಸಿರಿ, ಹಳೆಯದು ಉಳಿದಿದ್ದರೆ ಅದನ್ನೇ ಮೊದಲು ವಿಚಾರಿಸಿರಿ. ತೆರೆಯಲು ಸುಲಭವಾದ ಬಾಗಿಲನ್ನು ಮಾಡಿಸಿ, ಕರೆದವರಿಗೆ ತೆರೆಯುತ್ತಿರಿ.